ಸುಗಂಧರಾಜದ ಅರ್ಕಾ ತಳಿಗಳು

ಸುಗಂಧರಾಜದ ಅರ್ಕಾ ತಳಿಗಳು ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿ ಬಿಡುಗಡೆ ಮಾಡಿರುವ ಸುಗಂಧರಾಜ ಹೂವಿನ ತಳಿಗಳು. ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಮತ್ತು ನಿರಂತರ ಇವುಗಳಲ್ಲಿ ಪ್ರಮುಖವಾದವು. ಸುಗಂಧರಾಜವು ಗೆಡ್ಡೆಯಿಂದ ಬೆಳೆಯುವ ಬಹುವಾರ್ಷಿಕ ಸಸ್ಯವಾದ್ದರಿಂದ, ಸಂಕರಣದಿಂದ ಹುಟ್ಟಿದ ಸಾವಿರಾರು ಸಸಿಗಳಲ್ಲಿ ಒಂದೇ ಒಂದು ಉತ್ತಮವಾಗಿದ್ದರೂ ಸಾಕು, ಅದರ ಗೆಡ್ಡೆಗಳಿಂದಲೇ ಹೊಸ ತಳಿಯನ್ನು ಸ್ಥಾಪಿಸಬಹುದು. ಅದೇ ಕಾರಣದಿಂದ ತಳಿಯು ಒಮ್ಮೆ ರೈತನ ಹೊಲ ಸೇರಿದ ಮೇಲೆ ಬೀಜದ ಅಂಗಡಿಯ ಹಂಗಿಲ್ಲದೆ ಊರಿಂದೂರಿಗೆ ಹರಡುತ್ತದೆ. ಗೆಡ್ಡೆಯೊಂದಿಗೆ ರೋಗ ಮತ್ತು ಜಂತುಹುಳುಗಳೂ ಪ್ರಯಾಣ ಮಾಡುತ್ತವೆ. ಈ ತಳಿಗಳ ಚರಿತ್ರೆಯಲ್ಲಿ ಈ ಎರಡೂ ಸಂಗತಿಗಳು ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ.

ಹಿನ್ನೆಲೆ

ಅರ್ಕಾವತಿ ನದಿಯು ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಮೂಲಕ ಹರಿದು ಹೆಸರಘಟ್ಟದ ಜಲಾಶಯವನ್ನು ಸೇರುತ್ತದೆ. ಮುಂದೆ ತಿಪ್ಪಗೊಂಡನಹಳ್ಳಿಯನ್ನು ದಾಟಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಹೆಸರಘಟ್ಟ ಜಲಾಶಯವು ಬೆಂಗಳೂರಿಗೆ ಕೊಳವೆಯ ಮೂಲಕ ನೀರು ಒದಗಿಸಲು 1890ರ ದಶಕದಲ್ಲಿ, ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ ನಿರ್ಮಾಣವಾಯಿತು. ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಅಧೀನದಲ್ಲಿ 1967ರಲ್ಲಿ ಆರಂಭವಾದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 1968ರಲ್ಲಿ ಈ ಜಲಾಶಯದ ಸಮೀಪಕ್ಕೆ ಬಂದು ನೆಲೆಯೂರಿತು. ಜಿ. ಎಸ್. ರಾಂಧವಾ ಅದರ ಮೊದಲ ನಿರ್ದೇಶಕರು. ಸಂಸ್ಥೆಯು ಹೊರತಂದ ಹಣ್ಣು, ತರಕಾರಿ, ಹೂವುಗಳ ತಳಿಗಳಿಗೆ ನದಿಯ ಹೆಸರಿನಿಂದ ಆಯ್ದ ‘ಅರ್ಕಾ’ ಎಂಬ ಪೂರ್ವಪದವನ್ನು ಸೇರಿಸುವುದು ರೂಢಿಯಾಯಿತು. ಸುಗಂಧರಾಜದ ಹಳೆಯ ತಳಿಗಳು ಮೊದಲು ಈ ಪೂರ್ವಪದವಿಲ್ಲದೆ ಪ್ರಚಾರಕ್ಕೆ ಬಂದಿದ್ದು, ಈಗ ‘ಅರ್ಕಾ ಶೃಂಗಾರ್’, ‘ಅರ್ಕಾ ಪ್ರಜ್ವಲ್’ ಎಂದೂ ಕರೆಯಲ್ಪಡುತ್ತವೆ. ರೈತರ ಬಾಯಲ್ಲಿ ಉಳಿದಿರುವುದು ಹೆಚ್ಚಾಗಿ ಚಿಕ್ಕ ಹೆಸರೇ.

ಹೆಸರಘಟ್ಟವು ಆಡಳಿತದ ದೃಷ್ಟಿಯಿಂದ ಬೆಂಗಳೂರು ನಗರ ಜಿಲ್ಲೆಗೆ ಸೇರಿದೆ. ಆದರೆ ಅದರ ಉತ್ತರಕ್ಕೆ ದೊಡ್ಡಬಳ್ಳಾಪುರ, ಪಶ್ಚಿಮಕ್ಕೆ ನೆಲಮಂಗಲ ತಾಲ್ಲೂಕುಗಳು ಹತ್ತಿರದಲ್ಲೇ ಇವೆ. ಈ ಎರಡು ತಾಲ್ಲೂಕುಗಳು ದೇವನಹಳ್ಳಿ ಮತ್ತು ಹೊಸಕೋಟೆಗಳೊಂದಿಗೆ ಕೂಡಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಗಿದ್ದು, ನಗರದ ಹೂಮಾರುಕಟ್ಟೆಗೆ ಬರುವ ಹೂವಿನ ಒಂದು ಭಾಗ ಈ ಹಳ್ಳಿಗಳದು.

ಯೂರೋಪಿನಲ್ಲಿ ಬಹುವಾರ್ಷಿಕ ಹೂಗಿಡಗಳ ಹೊಸ ತಳಿಗಳು ಅನೇಕ ವೇಳೆ ಉದ್ಯಾನ ವಿನ್ಯಾಸಕಾರರ ಕೈಯಲ್ಲೇ ಹುಟ್ಟಿದವು. ಜರ್ಮನಿಯ ಪೋಟ್ಸ್‌ಡಾಮ್ ಸಮೀಪದ ಬೋರ್ನಿಮ್‌ನಲ್ಲಿ ಸಸ್ಯಕ್ಷೇತ್ರ ನಡೆಸುತ್ತಿದ್ದ ಕಾರ್ಲ್ ಫೋರ್ಸ್ಟರ್ (1874–1970) ಡೆಲ್ಫಿನಿಯಂ, ಫ್ಲಾಕ್ಸ್ ಮುಂತಾದವುಗಳಲ್ಲಿ ಮುನ್ನೂರಕ್ಕೂ ಹೆಚ್ಚು ತಳಿಗಳನ್ನು ಬೆಳೆಸಿದರು. ನ್ಯೂಯಾರ್ಕಿನ ಹೈ ಲೈನ್ ಉದ್ಯಾನದ ನೆಡುತೋಪುಗಳನ್ನು ರೂಪಿಸಿದ ನೆದರ್ಲೆಂಡ್ಸಿನ ಪೀಟ್ ಔಡಾಲ್ಫ್ ಕೂಡ ತಮ್ಮ ಸಸ್ಯಕ್ಷೇತ್ರದಲ್ಲಿ ಆಯ್ದು ಹೆಸರಿಟ್ಟ ಗಿಡಗಳನ್ನೇ ತಮ್ಮ ತೋಟಗಳಲ್ಲಿ ಬಳಸಿದವರು. ಬೆಂಗಳೂರಿನಲ್ಲಿ ಈ ಎರಡು ಕೆಲಸಗಳು ಬೇರೆ ಬೇರೆ ಕೈಗಳಲ್ಲಿ ಉಳಿದವು. ಬರೋಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದು 1908ರಿಂದ 1932ರವರೆಗೆ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಜರ್ಮನ್ ಉದ್ಯಾನತಜ್ಞ ಜಿ. ಎಚ್. ಕ್ರುಂಬಿಗಲ್ (1865–1956) ಹೊರನಾಡುಗಳಿಂದ ಗಿಡಮರಗಳನ್ನು ತರಿಸಿ, ಒಂದರ ನಂತರ ಒಂದು ಹೂಬಿಡುವಂತೆ ಬೀದಿಗಳ ಸಾಲುಮರಗಳನ್ನು ಯೋಜಿಸಿದರು. ಅವರ ಕೆಲಸ ಸಸ್ಯಗಳ ಸಂಗ್ರಹ, ಪರಿಚಯ ಮತ್ತು ವಿನ್ಯಾಸಕ್ಕೆ ಸಂಬಂಧಿಸಿದ್ದು. ಹೊಸ ತಳಿಯನ್ನು ಸಂಕರಣದಿಂದ ಸೃಷ್ಟಿಸುವ ಕೆಲಸ ಈ ಭಾಗದಲ್ಲಿ ವ್ಯವಸ್ಥಿತವಾಗಿ ನಡೆದದ್ದು ಹೆಸರಘಟ್ಟದ ಸಂಸ್ಥೆ ಬಂದ ಮೇಲೆ. ಅಲ್ಲಿ ಗುರಿಯಾದದ್ದು ಉದ್ಯಾನದ ಹೂಮಡಿಗಿಂತ ಹೆಚ್ಚಾಗಿ ಮಾಲೆ ಮತ್ತು ಮಾರುಕಟ್ಟೆ. ಹೀಗಾಗಿ ಇಲ್ಲಿನ ತಳಿಗಳನ್ನು ಅಳೆಯುವ ಮಾನದಂಡಗಳೂ ಬೇರೆ: ಒಂದು ಎಕರೆಗೆ ಎಷ್ಟು ಕಿಲೋ ಹೂ, ದಾರಕ್ಕೆ ಪೋಣಿಸಲು ಮೊಗ್ಗು ಎಷ್ಟು ಉದ್ದ, ಬಿಸಿಲೇರುವವರೆಗೆ ಬಾಡದೆ ನಿಲ್ಲುವುದೇ ಇಲ್ಲವೇ ಎಂಬಂಥವು.

ಸಸ್ಯದ ಸ್ವರೂಪ

ಸುಗಂಧರಾಜದ ಮೂಲ ಮೆಕ್ಸಿಕೊ. ಅಜ್ಟೆಕ್ ಜನ ಇದನ್ನು ಬೆಳೆಸುತ್ತಿದ್ದರು. ಅವರ ಭಾಷೆಯಲ್ಲಿ ಇದರ ಹೆಸರಿಗೆ ‘ಎಲುಬಿನ ಹೂ’ ಎಂಬ ಅರ್ಥವಿದೆ. ಬಿಳಿಯ, ಮೇಣದಂತೆ ಗಟ್ಟಿಯಾದ ದಳಗಳನ್ನು ನೋಡಿದರೆ ಆ ಹೆಸರಿನ ಔಚಿತ್ಯ ತಿಳಿಯುತ್ತದೆ. ಯೂರೋಪಿನ ಮಾರ್ಗವಾಗಿ ಭಾರತಕ್ಕೆ ಬಂದ ಈ ಸಸ್ಯಕ್ಕೆ ಬಂಗಾಳಿಯಲ್ಲಿ ರಜನಿಗಂಧಾ, ತಮಿಳಿನಲ್ಲಿ ನಿಲಸಂಪಂಗಿ ಎಂಬ ಹೆಸರುಗಳಿವೆ.

ಲಿನೇಯಸ್ 1753ರಲ್ಲಿ ಇದಕ್ಕೆ ಪೋಲಿಯಾಂಥಸ್ ಟ್ಯುಬರೋಸಾ ಎಂಬ ವೈಜ್ಞಾನಿಕ ನಾಮವನ್ನು ಕೊಟ್ಟನು. ತೋಟಗಾರಿಕೆಯ ಗ್ರಂಥಗಳಲ್ಲಿ ಈ ಹೆಸರೇ ಇಂದಿಗೂ ಬಳಕೆಯಲ್ಲಿದೆ. ಡಿಎನ್‌ಎ ಅಧ್ಯಯನಗಳು ಪೋಲಿಯಾಂಥಸ್ ಕುಲವು ಕತ್ತಾಳೆಯ ಕುಲವಾದ ಅಗೇವ್‌ನೊಳಗೇ ಸೇರುತ್ತದೆ ಎಂದು ತೋರಿಸಿದ ನಂತರ, 2020ರಿಂದ ಅಗೇವ್ ಅಮಿಕಾ ಎಂಬ ಹೆಸರು ಸ್ವೀಕೃತವಾಗಿದೆ. ಹೊಲದ ಬದುವಿನ ಮುಳ್ಳಿನ ಕತ್ತಾಳೆಯೂ ದೇವರ ಮುಡಿಯ ಸುಗಂಧರಾಜವೂ ಹೀಗೆ ಹತ್ತಿರದ ಬಂಧುಗಳು.

ನೆಲದೊಳಗಿನ ಗೆಡ್ಡೆಯಿಂದ ಹುಲ್ಲಿನಂತಹ ಉದ್ದನೆಯ ಎಲೆಗಳೂ ಅವುಗಳ ನಡುವಿನಿಂದ ನೇರವಾದ ಹೂದಂಡವೂ ಏಳುತ್ತವೆ. ದಂಡದ ಮೇಲೆ ಮೊಗ್ಗುಗಳು ಜೋಡಿಜೋಡಿಯಾಗಿದ್ದು ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತವೆ. ಪರಿಮಳ ಸಂಜೆಯ ನಂತರ ಹೆಚ್ಚುತ್ತದೆ. ನಿಶಾಚರ ಪತಂಗಗಳನ್ನು ಆಕರ್ಷಿಸುವ ಬಿಳಿ ಹೂಗಳ ಸಾಮಾನ್ಯ ಲಕ್ಷಣವಿದು. ಒಮ್ಮೆ ಹೂಬಿಟ್ಟ ತಾಯಿಗೆಡ್ಡೆ ಮತ್ತೆ ಹೂಬಿಡುವುದಿಲ್ಲ. ಅದರ ಸುತ್ತ ಹುಟ್ಟಿದ ಮರಿಗೆಡ್ಡೆಗಳು ಬಲಿತು ಮುಂದಿನ ಹೂಗಳನ್ನು ಕೊಡುತ್ತವೆ. ಗಿಡವು ಬಹುವಾರ್ಷಿಕ ಎನಿಸುವುದು ಈ ಮರಿಗೆಡ್ಡೆಗಳ ಸರದಿಯಿಂದಲೇ.

ದಳಗಳ ಸಂಖ್ಯೆಯನ್ನು ಅನುಸರಿಸಿ ಸುಗಂಧರಾಜವನ್ನು ಸಿಂಗಲ್, ಸೆಮಿಡಬಲ್, ಡಬಲ್ ಎಂದು ವಿಂಗಡಿಸುತ್ತಾರೆ. ಈ ಇಂಗ್ಲಿಷ್ ಪದಗಳೇ ರೈತರಲ್ಲಿಯೂ ಬಳಕೆಯಲ್ಲಿವೆ. ಸಿಂಗಲ್ ಬಗೆಯಲ್ಲಿ ಒಂದೇ ಸುತ್ತಿನ ದಳಗಳಿದ್ದು ಪರಿಮಳ ಹೆಚ್ಚು. ಬಿಡಿ ಹೂವಾಗಿ ಮಾಲೆಗೆ ಹಾಗೂ ಸುಗಂಧದ್ರವ್ಯದ ತಯಾರಿಕೆಗೆ ಇದೇ ಯೋಗ್ಯ. ಅನೇಕ ಸುತ್ತುಗಳ ದಳಗಳಿರುವ ಡಬಲ್ ಬಗೆಯನ್ನು ದಂಡಸಮೇತ ಕತ್ತರಿಸಿ ಹೂದಾನಿ, ಹೂಗುಚ್ಛ ಮತ್ತು ಮಂಟಪದ ಅಲಂಕಾರಕ್ಕೆ ಬಳಸಲಾಗುತ್ತದೆ.

ಸಂಕರಣ ಮತ್ತು ಆಯ್ಕೆ

ಗೆಡ್ಡೆಯಿಂದ ಬೆಳೆಯುವ ಸಸ್ಯದಲ್ಲಿ ಪ್ರತಿ ಪೀಳಿಗೆಯೂ ಹಿಂದಿನದರ ನಕಲು. ಆದ್ದರಿಂದ ಶತಮಾನಗಳ ಕಾಲ ಸಾಗುವಳಿಯಲ್ಲಿದ್ದರೂ ಸುಗಂಧರಾಜದಲ್ಲಿ ವೈವಿಧ್ಯ ಬಹಳ ಕಡಿಮೆ. ಭಾರತದಲ್ಲಿ ಬೆಳೆಯುತ್ತಿದ್ದ ‘ಕಲ್ಕತ್ತಾ ಸಿಂಗಲ್’, ‘ಹೈದರಾಬಾದ್ ಸಿಂಗಲ್’, ‘ಕಲ್ಕತ್ತಾ ಡಬಲ್’ ಮುಂತಾದವು ಊರಿನ ಹೆಸರಿನಿಂದ ಗುರುತಿಸಿಕೊಂಡ ಸ್ಥಳೀಯ ಬಗೆಗಳು. ಹೊಸ ಗುಣಗಳು ಬೇಕೆಂದರೆ ಹೂವಿನಲ್ಲಿ ಬೀಜ ಕಟ್ಟಿಸಲೇಬೇಕು. ತೊಡಕು ಆರಂಭವಾಗುವುದು ಇಲ್ಲಿಂದ.

ಡಬಲ್ ಬಗೆಯಲ್ಲಿ ಕೇಸರಗಳು ದಳಗಳಾಗಿ ಮಾರ್ಪಟ್ಟಿರುವುದರಿಂದ ಅದು ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಸಿಂಗಲ್ ಬಗೆಯಲ್ಲಿಯೂ ತನ್ನದೇ ಪರಾಗದಿಂದ ಕಾಯಾಗುವುದು ವಿರಳ. ಬೇರೊಂದು ಮೂಲದ ಪರಾಗ ಬಿದ್ದಾಗ ಮಾತ್ರ ಕಪ್ಪಗಿನ ಚಪ್ಪಟೆ ಬೀಜಗಳು ದೊರೆಯುತ್ತವೆ. ಆದ್ದರಿಂದ ಸಿಂಗಲ್ ಬಗೆಯನ್ನು ತಾಯಿಯಾಗಿಯೂ ಡಬಲ್ ಬಗೆಯಲ್ಲಿ ಸಿಗುವ ಅಲ್ಪ ಪರಾಗವನ್ನು ತಂದೆಯ ಕಡೆಯಿಂದಲೂ ಬಳಸುವುದು ಕ್ರಮವಾಯಿತು. ತಳಿವಿಜ್ಞಾನದ ಬರಹದಲ್ಲಿ ‘ಸಿಂಗಲ್ × ಡಬಲ್’ ಎಂದು ನಮೂದಿಸಿದಾಗ ಮೊದಲ ಹೆಸರು ತಾಯಿಯದು, ಎರಡನೆಯದು ತಂದೆಯದು.

ಆಯ್ದ ಮೊಗ್ಗು ಅರಳುವ ಮೊದಲೇ ಅದರ ಕೇಸರಗಳನ್ನು ಚಿಮುಟದಿಂದ ತೆಗೆದು ಚೀಲ ಕಟ್ಟುತ್ತಾರೆ. ಶಲಾಕೆಯ ತುದಿ ಪರಾಗ ಸ್ವೀಕರಿಸಲು ಸಿದ್ಧವಾದಾಗ ತಂದೆ ಗಿಡದ ಪರಾಗವನ್ನು ಸವರಿ ಮತ್ತೆ ಚೀಲ ಮುಚ್ಚುತ್ತಾರೆ. ಕಾಯಿ ಬಲಿತ ಮೇಲೆ ದೊರೆತ ಬೀಜಗಳನ್ನು ಬಿತ್ತಿದರೆ ಒಂದೊಂದು ಸಸಿಯೂ ಒಂದೊಂದು ತೆರನಾಗಿರುತ್ತದೆ. ಸಸಿಯ ಗೆಡ್ಡೆ ಹೂಬಿಡುವ ಗಾತ್ರಕ್ಕೆ ಬೆಳೆದ ನಂತರವೇ ಅದರ ಯೋಗ್ಯತೆ ತಿಳಿಯುವುದು. ಬಹುಪಾಲು ಸಸಿಗಳನ್ನು ಆ ಹಂತದಲ್ಲಿ ಕೈಬಿಡಲಾಗುತ್ತದೆ.

ಆಯ್ಕೆಯಾದ ಸಸಿಯನ್ನು ತಳಿಯ ಪ್ರಮಾಣಕ್ಕೆ ಹೆಚ್ಚಿಸುವುದು ಸಾವಧಾನದ ಕೆಲಸ. 45 ಸೆಂ.ಮೀ. ಸಾಲು, 20 ಸೆಂ.ಮೀ. ಗಿಡದ ಅಂತರದಲ್ಲಿ ನೆಟ್ಟರೆ ಒಂದು ಹೆಕ್ಟೇರಿಗೆ ಸುಮಾರು 1,11,000 ಗೆಡ್ಡೆಗಳು ಬೇಕಾಗುತ್ತವೆ. ಒಂದು ಗೆಡ್ಡೆಯಿಂದ ವರ್ಷಕ್ಕೆ ನೆಡಲು ಯೋಗ್ಯವಾದ ಐದು ಗೆಡ್ಡೆಗಳು ಸಿಗುತ್ತವೆ ಎಂದು ಲೆಕ್ಕಕ್ಕೆ ಹಿಡಿದರೆ, ಒಂದೇ ಸಸಿಯಿಂದ ಹೊರಟು ಏಳನೆಯ ವರ್ಷದ ಕೊನೆಗೆ 78,125 ಗೆಡ್ಡೆಗಳಾಗುತ್ತವೆ; ಅಂದರೆ ಒಂದು ಹೆಕ್ಟೇರಿಗೂ ಸಾಲದು. ಅಂಗಾಂಶ ಕೃಷಿಯಿಂದ ಈ ಅವಧಿಯನ್ನು ತಗ್ಗಿಸಬಹುದು. ಆದರೂ ಹಲವು ಹಂಗಾಮುಗಳ ಪರೀಕ್ಷೆ, ಬೇರೆ ಬೇರೆ ರಾಜ್ಯಗಳಲ್ಲಿ ಅಖಿಲ ಭಾರತ ಸಮನ್ವಯ ಪುಷ್ಪಕೃಷಿ ಯೋಜನೆಯಡಿ ನಡೆಯುವ ಪ್ರಯೋಗಗಳು ತಪ್ಪುವುದಿಲ್ಲ. ಚೆನ್ನಾಗಿರುವ ಒಂದು ಸಸಿಗೂ ರೈತನ ಹೊಲಕ್ಕೂ ನಡುವೆ ಹೀಗೆ ದೀರ್ಘಕಾಲ ಕಳೆಯುತ್ತದೆ.

ಸಂಕರಣದ ಹೊರತಾಗಿ ಗಾಮಾ ಕಿರಣಗಳಿಂದ ಪರಿವರ್ತನೆ ಉಂಟುಮಾಡುವ ವಿಧಾನವೂ ಸುಗಂಧರಾಜದಲ್ಲಿ ಬಳಕೆಯಾಗಿದೆ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ‘ರಜತ ರೇಖಾ’ ಮತ್ತು ‘ಸ್ವರ್ಣ ರೇಖಾ’ ಈ ಮಾರ್ಗದಿಂದ ಬಂದವು. ಎಲೆಗಳ ಮೇಲಿನ ಬೆಳ್ಳಿ ಹಾಗೂ ಹೊಂಬಣ್ಣದ ಗೆರೆಗಳಿಂದಾಗಿ ಇವು ಉದ್ಯಾನದ ಗಿಡಗಳಾಗಿ ಹೆಚ್ಚು ಪರಿಚಿತ.

ತಳಿಗಳು

ಶೃಂಗಾರ್ ತಳಿಯು ಸಿಂಗಲ್ × ಡಬಲ್ ಸಂಕರದಿಂದ ಆಯ್ದದ್ದು. ಹೂ ಸಿಂಗಲ್ ಬಗೆಯದು. ಮೊಗ್ಗಿನ ಮೇಲೆ ತೆಳುವಾದ ಗುಲಾಬಿ ಛಾಯೆ ಇರುತ್ತದೆ, ಅರಳಿದ ಮೇಲೆ ಬಿಳುಪು. ಹೂದಂಡ ಗಟ್ಟಿಯಾಗಿದ್ದು ಹೂಗಳು ದೊಡ್ಡವು. ಹೆಕ್ಟೇರಿಗೆ ವರ್ಷಕ್ಕೆ ಸುಮಾರು 15 ಟನ್ ಬಿಡಿ ಹೂ ಇದರ ಇಳುವರಿ. ಎಕರೆಯ ಲೆಕ್ಕದಲ್ಲಿ ಇದು ಸುಮಾರು 6 ಟನ್. ಇಳುವರಿಗಿಂತಲೂ ಗಮನಾರ್ಹವಾದ ಗುಣ ಇದಕ್ಕೆ ಬೇರುಗಂಟು ಜಂತುಹುಳುವನ್ನು ಸಹಿಸಿಕೊಳ್ಳುವ ಶಕ್ತಿ ಇರುವುದು. ಬೇರುಗಳಲ್ಲಿ ಗಂಟುಗಳನ್ನು ಉಂಟುಮಾಡಿ ಗಿಡವನ್ನು ಸೊರಗಿಸುವ ಈ ಸೂಕ್ಷ್ಮ ಹುಳು, ಒಂದೇ ನೆಲದಲ್ಲಿ ಎರಡು ಮೂರು ವರ್ಷ ನಿಲ್ಲುವ ಬೆಳೆಗೆ ವಿಶೇಷವಾಗಿ ಅಪಾಯಕಾರಿ. ತರಕಾರಿ ಬೆಳೆದ ಹೊಲಗಳಲ್ಲಿ ಅದು ಮೊದಲೇ ಮನೆ ಮಾಡಿಕೊಂಡಿರುತ್ತದೆ.

ಪ್ರಜ್ವಲ್ ತಳಿಗೆ ಶೃಂಗಾರ್ ತಾಯಿ, ‘ಮೆಕ್ಸಿಕನ್ ಸಿಂಗಲ್’ ತಂದೆ. ಇದೂ ಸಿಂಗಲ್ ಬಗೆಯದೇ. ಮೊಗ್ಗಿನಲ್ಲಿ ತಾಯಿಯ ಗುಲಾಬಿ ಛಾಯೆ ಉಳಿದುಕೊಂಡಿದ್ದು, ದಂಡ ಹೆಚ್ಚು ಎತ್ತರ ಮತ್ತು ನೇರ, ಬಿಡಿ ಹೂ ಇನ್ನೂ ದೊಡ್ಡದು. ಬಿಡಿ ಹೂವಿನ ಇಳುವರಿ ಶೃಂಗಾರ್‌ಗಿಂತ ಶೇ. 20ರಷ್ಟು ಅಧಿಕವೆಂದು ಸಂಸ್ಥೆ ದಾಖಲಿಸಿದೆ. ಬಿಡಿ ಹೂವಾಗಿಯೂ ಕತ್ತರಿಸಿದ ಹೂವಾಗಿಯೂ ಮಾರಬಹುದಾದ್ದರಿಂದ, ಒಂದರ ಬೆಲೆ ಕುಸಿದಾಗ ಇನ್ನೊಂದು ರೂಪದಲ್ಲಿ ಮಾರುವ ಅವಕಾಶ ಬೆಳೆಗಾರನಿಗಿದೆ. ಐದೂ ತಳಿಗಳಲ್ಲಿ ಅತ್ಯಂತ ಉಪಯುಕ್ತವಾದುದು ಇದೆಂದರೆ ತಪ್ಪಾಗಲಾರದು.

ಸುವಾಸಿನಿ ಕೂಡ ಸಿಂಗಲ್ × ಡಬಲ್ ಸಂಕರದ ಸಂತತಿ. ಆದರೆ ಹೂ ಅನೇಕ ಸುತ್ತುಗಳ ಡಬಲ್. ಶೃಂಗಾರ್ ಮತ್ತು ಸುವಾಸಿನಿ ಒಂದೇ ಬಗೆಯ ತಾಯಿತಂದೆಗಳಿಂದ ಹುಟ್ಟಿ ಒಂದು ಮಾಲೆಗೂ ಇನ್ನೊಂದು ಹೂದಾನಿಗೂ ಸಲ್ಲುವುದು, ಸಸಿಗಳ ನಡುವಿನ ಆಯ್ಕೆಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ನಿದರ್ಶನ. ಹಳೆಯ ಡಬಲ್ ಬಗೆಗೆ ಹೋಲಿಸಿದರೆ ಇದರ ಇಳುವರಿ ಶೇ. 25ರಷ್ಟು ಹೆಚ್ಚು. ವೈಭವ್ ತಳಿಯು ‘ಮೆಕ್ಸಿಕನ್ ಸಿಂಗಲ್’ ಮತ್ತು ಸಂಸ್ಥೆಯದೇ ಆಯ್ಕೆಯಾದ ‘ಐಐಎಚ್‌ಆರ್-2’ರ ಸಂಕರ. ಹೂ ಸೆಮಿಡಬಲ್; ಮೊಗ್ಗುಗಳಿಗೆ ಗುಲಾಬಿಯ ಬದಲು ಹಸಿರು ಛಾಯೆ. ಹೂದಂಡಗಳ ಸಂಖ್ಯೆಯಲ್ಲಿ ಇದು ಸುವಾಸಿನಿಯನ್ನು ಶೇ. 50ರಷ್ಟು ಮೀರಿಸುತ್ತದೆ.

ನಂತರ ಬಂದ ನಿರಂತರ ತಳಿಯ ಉದ್ದೇಶ ಹೆಸರಿನಲ್ಲೇ ಇದೆ. ಸಿಂಗಲ್ ಬಗೆಯ ಈ ತಳಿ ದೀರ್ಘಾವಧಿಗೆ ಹೂ ಕೊಡುತ್ತದೆ. ಚಳಿಗಾಲದಲ್ಲಿ ಹೂ ಇಳಿಮುಖವಾಗುವುದು ಸುಗಂಧರಾಜದ ಸ್ವಭಾವ. ಬೆಲೆ ಚೆನ್ನಾಗಿರುವ ದಿನಗಳು ಹಾಗೂ ಹೊಲದಲ್ಲಿ ಹೂವಿರುವ ದಿನಗಳು ಒಂದಕ್ಕೊಂದು ಹೊಂದದೆ ಹೋಗುವುದು ಬೆಳೆಗಾರರ ಹಳೆಯ ತಾಪತ್ರಯ. ಇವಲ್ಲದೆ ‘ಅರ್ಕಾ ಸುಗಂಧಿ’ ಎಂಬ ಸಿಂಗಲ್ ತಳಿಯೂ ಸಂಸ್ಥೆಯಿಂದ ಬಂದಿದೆ.

ಸುಗಂಧದ್ರವ್ಯ ಕೈಗಾರಿಕೆಗೆ ಸಿಂಗಲ್ ತಳಿಗಳೇ ಬೇಕು. ಹೂವನ್ನು ದ್ರಾವಕದಲ್ಲಿ ನೆನೆಸಿ ತೆಗೆಯುವ ಮೇಣದಂತಹ ಸಾರಕ್ಕೆ ‘ಕಾಂಕ್ರೀಟ್’ ಎನ್ನುತ್ತಾರೆ. ಸಾವಿರ ಕಿಲೋ ಹೂವಿನಿಂದ ದೊರೆಯುವ ಕಾಂಕ್ರೀಟ್ ಒಂದು ಕಿಲೋ ಆಸುಪಾಸು ಮಾತ್ರ. ಶೃಂಗಾರ್ ಹೂವಿನ ಕಾಂಕ್ರೀಟ್ ಪ್ರಮಾಣ ಮೆಕ್ಸಿಕನ್ ಸಿಂಗಲ್‌ಗೆ ಸಮನಾಗಿದೆ.

ಬೆಂಗಳೂರು ಗ್ರಾಮಾಂತರದಲ್ಲಿ ಸಾಗುವಳಿ

ಈ ಜಿಲ್ಲೆಯ ಹೂ ಸಾಗುವಳಿಯಲ್ಲಿ ಎರಡು ಪದ್ಧತಿಗಳು ಅಕ್ಕಪಕ್ಕದಲ್ಲೇ ನಡೆಯುತ್ತವೆ. ಒಂದು, ಪಾಲಿಹೌಸ್‌ಗಳಲ್ಲಿ ವಿದೇಶಿ ತಳಿಗಳ ಗುಲಾಬಿ, ಜರ್ಬೆರಾಗಳನ್ನು ಬೆಳೆಯುವುದು. ಇದಕ್ಕೆ ಬಂಡವಾಳ ಹೆಚ್ಚು. ಇನ್ನೊಂದು, ಬಯಲಿನಲ್ಲಿ ಸೇವಂತಿಗೆ, ಕನಕಾಂಬರ, ಚೆಂಡುಹೂ, ಸುಗಂಧರಾಜಗಳನ್ನು ಸಣ್ಣ ಹಿಡುವಳಿಗಳಲ್ಲಿ ಬೆಳೆದು ನಗರದ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಸಾಗಿಸುವುದು. ಅರ್ಕಾ ತಳಿಗಳ ಸ್ಥಾನ ಈ ಎರಡನೆಯದರಲ್ಲಿ.

ಗೆಡ್ಡೆ ನೆಟ್ಟ ಮೂರು ತಿಂಗಳ ಸುಮಾರಿಗೆ ಹೂ ಆರಂಭವಾಗುತ್ತದೆ. ಒಮ್ಮೆ ನೆಟ್ಟ ಬೆಳೆಯನ್ನು ಎರಡರಿಂದ ಮೂರು ವರ್ಷ ಉಳಿಸಿಕೊಳ್ಳುವುದು ವಾಡಿಕೆ. ಬಿಡಿ ಹೂವನ್ನು ನಸುಕಿನಲ್ಲೇ ಕೀಳಬೇಕು. ಬಿಸಿಲೇರಿದರೆ ತೂಕವೂ ಪರಿಮಳವೂ ಇಳಿಯುತ್ತವೆ. ಕತ್ತರಿಸಿದ ಹೂವಾದರೆ ಬುಡದ ಒಂದೆರಡು ಜೋಡಿ ಮೊಗ್ಗುಗಳು ಅರಳಿದ ಹಂತದಲ್ಲಿ ದಂಡವನ್ನು ಕೊಯ್ಯುತ್ತಾರೆ. ಹೂ ಕೀಳುವ ಕೂಲಿಯೇ ಖರ್ಚಿನ ದೊಡ್ಡ ಪಾಲು. ಸಣ್ಣ ಹಿಡುವಳಿಗಳಲ್ಲಿ ಮನೆಯವರೇ, ಅದರಲ್ಲಿಯೂ ಹೆಂಗಸರು, ಈ ಕೆಲಸ ಮಾಡುವುದರಿಂದ ಅದು ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಆದುದರಿಂದ ಹೂ ದೊಡ್ಡದಾಗಿರುವುದು ಕೇವಲ ಅಂದದ ವಿಷಯವಲ್ಲ: ಅಷ್ಟೇ ಮೊಗ್ಗು ಕಿತ್ತರೆ ಬುಟ್ಟಿಯ ತೂಕ ಹೆಚ್ಚು ಬರುತ್ತದೆ.

ಬೆಲೆ ಪಂಚಾಂಗವನ್ನು ಅನುಸರಿಸುತ್ತದೆ. ಶ್ರಾವಣದ ಹಬ್ಬಗಳು, ನವರಾತ್ರಿ, ಮದುವೆಯ ಲಗ್ನಗಳಿರುವ ತಿಂಗಳುಗಳಲ್ಲಿ ಏರಿ, ಆಷಾಢ, ಪಿತೃಪಕ್ಷ ಮತ್ತು ಧನುರ್ಮಾಸಗಳಲ್ಲಿ ಇಳಿಯುತ್ತದೆ.

ದೀರ್ಘಕಾಲ ನಿಲ್ಲುವ ಬೆಳೆಗೆ ನೀರು ಮತ್ತು ನೆಲದ ಭರವಸೆ ಬೇಕು. ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ಅಂತರ್ಜಲವನ್ನು ಮರುಪೂರಣಕ್ಕಿಂತ ಹೆಚ್ಚು ಎತ್ತಲಾಗುತ್ತಿದ್ದು, ಕೇಂದ್ರ ಅಂತರ್ಜಲ ಮಂಡಳಿಯು ಇವುಗಳನ್ನು ಅತಿಬಳಕೆಯ ಪ್ರದೇಶಗಳೆಂದು ಗುರುತಿಸಿದೆ. ಹೂತಳಿಗಳಿಗೆ ಹೆಸರು ಕೊಟ್ಟ ಅರ್ಕಾವತಿಯೇ ವರ್ಷದ ಬಹುಕಾಲ ಹರಿಯುವುದಿಲ್ಲ. ಹನಿ ನೀರಾವರಿ ಇಲ್ಲದೆ ಸುಗಂಧರಾಜ ಬೆಳೆಯುವುದು ಈಗ ಕಷ್ಟ. ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರಲ್ಲಿ ಕಾರ್ಯಾರಂಭ ಮಾಡಿದ ನಂತರ ಸುತ್ತಲಿನ ಭೂಮಿಯ ಬೆಲೆ ಏರಿತು, ಕೃಷಿಭೂಮಿ ಕುಗ್ಗಿತು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ರೈತರು ಮೂರು ವರ್ಷಗಳಿಗೂ ಹೆಚ್ಚು ಕಾಲ ವಿರೋಧಿಸಿದ ಮೇಲೆ, 2025ರ ಜುಲೈನಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟಿತು. ಮುಂದಿನ ವರ್ಷ ಹೊಲ ಯಾರ ಕೈಯಲ್ಲಿರುತ್ತದೆಂಬ ಖಾತ್ರಿ ಇಲ್ಲದವರು ಮೂರು ವರ್ಷದ ಬೆಳೆಗಿಂತ ಮೂರು ತಿಂಗಳ ಬೆಳೆಯನ್ನು ಆರಿಸಿಕೊಳ್ಳುವುದು ಸಹಜ.

ಗೆಡ್ಡೆಯ ವಿನಿಮಯ ಮತ್ತು ಶುದ್ಧತೆ

ಒಂದು ಎಕರೆಗೆ ಬೇಕಾಗುವ ಸುಮಾರು 45,000 ಗೆಡ್ಡೆಗಳು, ಒಂದಕ್ಕೆ 25 ಗ್ರಾಂ ತೂಕವೆಂದರೂ, ಒಂದು ಟನ್ನಿಗೂ ಹೆಚ್ಚು. ಇಷ್ಟನ್ನು ಸಂಶೋಧನಾ ಸಂಸ್ಥೆಯೊಂದೇ ಎಲ್ಲರಿಗೂ ಒದಗಿಸುವುದು ಅಸಾಧ್ಯ. ವಾಸ್ತವದಲ್ಲಿ ಬೆಳೆ ಕಿತ್ತ ರೈತನಿಂದ ನೆಡುವ ರೈತನಿಗೆ ಗೆಡ್ಡೆಗಳು ಚೀಲಗಟ್ಟಲೆ ಕೈಬದಲಾಗುತ್ತವೆ. ತಳಿಗಳು ಇಷ್ಟು ವ್ಯಾಪಕವಾಗಿ ಹರಡಿರುವುದರ ಶ್ರೇಯಸ್ಸು ಬಹುಮಟ್ಟಿಗೆ ಈ ವಿನಿಮಯಕ್ಕೆ ಸಲ್ಲಬೇಕು.

ಇದರ ಇನ್ನೊಂದು ಮುಖ ತಳಿಗಳ ಬೆರಕೆ. ಗೆಡ್ಡೆಯನ್ನು ನೋಡಿ ಶೃಂಗಾರ್ ಯಾವುದು, ಪ್ರಜ್ವಲ್ ಯಾವುದು ಎಂದು ಹೇಳಲಾಗದು. ಹೂಬಿಟ್ಟ ಮೇಲೂ ಈ ಎರಡನ್ನು ಬೇರ್ಪಡಿಸಲು ಪಳಗಿದ ಕಣ್ಣು ಬೇಕು. ಹೆಚ್ಚು ಗಂಭೀರವಾದ ಅಪಾಯ ಜಂತುಹುಳುಗಳದು. ಬೇರುಗಂಟು ಹುಳು ಗೆಡ್ಡೆಗೆ ಅಂಟಿದ ಬೇರು ಮತ್ತು ಮಣ್ಣಿನೊಂದಿಗೆ ಹೊಸ ಹೊಲಕ್ಕೆ ಬರುತ್ತದೆ. ಎಲೆ ಹಾಗೂ ಹೂವಿನ ಭಾಗಗಳನ್ನು ಬಾಧಿಸುವ ಇನ್ನೊಂದು ಜಂತುಹುಳು ಪಶ್ಚಿಮ ಬಂಗಾಳದ ಸುಗಂಧರಾಜ ಪ್ರದೇಶಗಳಲ್ಲಿ ಮೊಗ್ಗು ಸೊಟ್ಟಗಾಗಿ ಕಂದುಗಟ್ಟುವ ರೋಗವನ್ನು ತಂದಿದೆ. ಭತ್ತದ ಗಿಡವನ್ನೂ ಕಾಡುವ ಈ ಹುಳು ಒಣಗಿದ ಸ್ಥಿತಿಯಲ್ಲಿ ಗೆಡ್ಡೆಯ ಪದರಗಳ ನಡುವೆ ಬದುಕುಳಿಯಬಲ್ಲದು. ಆದ್ದರಿಂದ ದೂರದ ರಾಜ್ಯಗಳಿಂದ ಅಗ್ಗದ ಗೆಡ್ಡೆ ತರಿಸುವುದು ಲಾಭದಾಯಕವಾಗಿ ಕಂಡರೂ ಅಪಾಯದಿಂದ ಮುಕ್ತವಲ್ಲ. ಗೆಡ್ಡೆಯನ್ನು ನೆಡುವ ಮೊದಲು ಹಳೆಯ ಬೇರುಗಳನ್ನು ಕತ್ತರಿಸಿ ಶುಚಿಗೊಳಿಸುವುದು, ನಿಯಂತ್ರಿತ ಉಷ್ಣತೆಯ ಬಿಸಿನೀರಿನಲ್ಲಿ ಅದ್ದುವುದು, ಚೆಂಡುಹೂವಿನೊಂದಿಗೆ ಬೆಳೆ ಬದಲಾಯಿಸುವುದು, ಬೇವಿನ ಹಿಂಡಿ ಹಾಕುವುದು ಶಿಫಾರಸು ಮಾಡಲಾಗುವ ಕ್ರಮಗಳು.

ತಳಿ ಹಕ್ಕು

ಭಾರತದಲ್ಲಿ ಹೊಸ ಸಸ್ಯ ತಳಿಗಳ ಮೇಲಿನ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ನಿಯಂತ್ರಿಸುತ್ತದೆ. ಕಾಯಿದೆಯಲ್ಲಿ ‘ಬೀಜ’ ಎಂಬ ಪದದ ವ್ಯಾಖ್ಯೆಯು ಗಿಡವಾಗಿ ಬೆಳೆಯಬಲ್ಲ ಸಸ್ಯಭಾಗಗಳನ್ನೂ ಒಳಗೊಳ್ಳುವುದರಿಂದ ಗೆಡ್ಡೆಗೂ ಅದು ಅನ್ವಯಿಸುತ್ತದೆ. ತಳಿಯು ಹೊಸದೂ, ಇತರ ತಳಿಗಳಿಂದ ಭಿನ್ನವೂ, ಏಕರೂಪವೂ, ಸ್ಥಿರವೂ ಆಗಿದ್ದರೆ ನೋಂದಣಿ ದೊರೆಯುತ್ತದೆ. ಮರ ಮತ್ತು ಬಳ್ಳಿಗಳಿಗೆ ಗರಿಷ್ಠ 18 ವರ್ಷ, ಉಳಿದ ಬೆಳೆಗಳಿಗೆ 15 ವರ್ಷ ರಕ್ಷಣೆಯ ಅವಧಿ.

ಕಾಯಿದೆಯ 39ನೆಯ ಕಲಮಿನಂತೆ ರೈತನು ತನ್ನ ಬೆಳೆಯಿಂದ ದೊರೆತ ಬೀಜವನ್ನು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಹೆಸರನ್ನು ಚೀಲದ ಮೇಲೆ ಅಚ್ಚು ಹಾಕಿ ಬ್ರ್ಯಾಂಡಿನಂತೆ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ. ಗೆಡ್ಡೆಯ ಬೆಳೆಗಳಲ್ಲಿ ಈ ಕಲಮಿನ ಪರಿಣಾಮ ದೊಡ್ಡದು. ಸಂಕರ ತರಕಾರಿಯ ಬೀಜವನ್ನು ರೈತ ಪ್ರತಿ ಹಂಗಾಮಿಗೂ ಕೊಳ್ಳಬೇಕು, ಏಕೆಂದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುತ್ತವೆ. ಸುಗಂಧರಾಜವನ್ನು ಒಮ್ಮೆ ಕೊಂಡರೆ ಸಾಕು. ಖಾಸಗಿ ಬೀಜೋದ್ಯಮ ಈ ಹೂವಿನ ತಳಿ ಅಭಿವೃದ್ಧಿಗೆ ಆಸಕ್ತಿ ತೋರದೆ, ಕೆಲಸವು ಸಾರ್ವಜನಿಕ ಸಂಸ್ಥೆಗಳಲ್ಲೇ ಉಳಿದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ಭಾವಿಸಬಹುದು. ಪಾಲಿಹೌಸ್ ಗುಲಾಬಿ ಹಾಗೂ ಜರ್ಬೆರಾಗಳಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ: ಅಲ್ಲಿ ವಿದೇಶಿ ತಳಿಗಾರರಿಗೆ ಗಿಡವೊಂದಕ್ಕೆ ಇಷ್ಟೆಂದು ರಾಯಧನ ಸಲ್ಲುತ್ತದೆ, ಅದು ಗಿಡದ ಬೆಲೆಯಲ್ಲೇ ಸೇರಿರುತ್ತದೆ.

ಇತರ ಬಹುವಾರ್ಷಿಕ ಹೂಗಳು

ಗೆಡ್ಡೆಯಿಂದಲೇ ಬೆಳೆಯುವ ಗ್ಲಾಡಿಯೋಲಸ್‌ನಲ್ಲಿ ಹೆಸರಘಟ್ಟದ ಸಂಸ್ಥೆ ಆರತಿ, ಅಪ್ಸರಾ, ಮೀರಾ, ನಜರಾನಾ, ಪೂನಂ, ಸಪ್ನಾ, ಧೀರಜ್, ಕುಂಕುಮ್, ದರ್ಶನ್ ಮೊದಲಾದ ತಳಿಗಳನ್ನು ಹೊರತಂದಿದೆ. ಇವುಗಳಲ್ಲಿ ಹಲವಕ್ಕೆ ‘ಫ್ರೆಂಡ್‌ಶಿಪ್’ ಎಂಬ ವಿದೇಶಿ ತಳಿ ಒಂದು ಕಡೆಯ ಪೋಷಕ. ಶೋಭಾ ಎಂಬ ತಳಿ ‘ವೈಲ್ಡ್ ರೋಸ್’ ತಳಿಯಿಂದ ಗಾಮಾ ಕಿರಣಗಳ ಮೂಲಕ ಪಡೆದ ಪರಿವರ್ತಿತ ರೂಪ. ಗುಲಾಬಿ, ಸೇವಂತಿಗೆ, ಜರ್ಬೆರಾ ಮತ್ತು ಕಾರ್ನೇಶನ್‌ಗಳಲ್ಲಿಯೂ ಅರ್ಕಾ ತಳಿಗಳಿವೆ. ಗುಲಾಬಿಯ ‘ಅರ್ಕಾ ಪರಿಮಳ’ ಹಾಗೂ ‘ಅರ್ಕಾ ಸಾವಿ’, ಜರ್ಬೆರಾದ ‘ಅರ್ಕಾ ನೇಸರ’ ಅವುಗಳಲ್ಲಿ ಕೆಲವು.

ಕನಕಾಂಬರದ ವಿಷಯ ಸ್ವಲ್ಪ ಭಿನ್ನ. ಅದು ಹೊರಗಿನಿಂದ ಬಂದ ಗಿಡವಲ್ಲ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಅದರ ತವರು. ಕರಾವಳಿಯಲ್ಲಿ ಅಬ್ಬಲಿಗೆ ಎಂದು ಕರೆಯುವ ಈ ಹೂವಿಗೆ ಪರಿಮಳವಿಲ್ಲ. ಹಗುರವಾಗಿರುವುದರಿಂದ ಮುಡಿಯಲ್ಲಿ ಭಾರವಾಗದೆ, ಬಣ್ಣ ಮಾಸದೆ ದಿನವಿಡೀ ನಿಲ್ಲುವುದು ಅದರ ಗುಣ. ಬೀಜದಿಂದ ಬೆಳೆಯುವ ಸಾಮಾನ್ಯ ಬಗೆಗಳ ಜೊತೆಗೆ ‘ದೆಹಲಿ ಕನಕಾಂಬರ’ ಎಂಬ ಜನಪ್ರಿಯ ತಳಿಯಿದೆ. ಅದು ಮೂರು ಜೋಡಣೆಯ ವರ್ಣತಂತುಗಳುಳ್ಳ ತ್ರಿಗುಣಿತ ಸಸ್ಯವಾದ್ದರಿಂದ ಕಡ್ಡಿ ನೆಟ್ಟು ವೃದ್ಧಿಸಬೇಕಾಗುತ್ತದೆ. ಸೊರಗು ರೋಗ ಮತ್ತು ಜಂತುಹುಳು ಇದರ ಮುಖ್ಯ ಶತ್ರುಗಳು. ಸಂಸ್ಥೆಯು ‘ಅರ್ಕಾ ಅಂಬರ’, ‘ಅರ್ಕಾ ಕನಕ’, ‘ಅರ್ಕಾ ಶ್ರೀಯಾ’, ‘ಅರ್ಕಾ ಶ್ರಾವ್ಯ’ ಮತ್ತು ‘ಅರ್ಕಾ ಚೆನ್ನ’ ಎಂಬ ಕನಕಾಂಬರ ತಳಿಗಳನ್ನು ಬಿಡುಗಡೆ ಮಾಡಿದೆ.